ಅಮಿನಿ ದ್ವೀಪಗಳು ಯಾರ ಸ್ವತ್ತು?



ಹುಲಸೂರಿನಿಂದ ಸಮುದ್ರ ಬಲು ದೂರ. ಆದರೂ ನಡುಗಡಲಿನ ಕೆಲವು ದ್ವೀಪಗಳಿಗೂ ನಮಗೂ ಒಂದು ತಾರೀಖಿನ ನಂಟಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ, ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ, ಅದೇ ಕಾನೂನಿನಂತೆ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಎಂಬ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಹೊರಬಿದ್ದು ಕೇಂದ್ರಾಡಳಿತಕ್ಕೆ ಒಳಪಟ್ಟವು. ಇಂದಿನ ಲಕ್ಷದ್ವೀಪದ ಈ ಭಾಗ ಕನ್ನಡ ಜಿಲ್ಲೆಗೆ ಸೇರಿದ್ದಾದರೂ ಹೇಗೆ?

ಈ ದ್ವೀಪಗಳ ಜನ ಮುಸ್ಲಿಮರು. ಆಡುವುದು ಮಲಯಾಳಂನ ಒಂದು ಬಗೆ. ಬದುಕು ತೆಂಗು, ನಾರು, ಮೀನಿನದು. ಹಿಂದೆ ಇವು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ಆ ಮನೆತನದಲ್ಲಿ ಹೆಣ್ಣುಮಕ್ಕಳೂ ಪಟ್ಟಕ್ಕೆ ಬರುತ್ತಿದ್ದರು. ಅಂಥವರಿಗೆ ಬೀಬಿ ಎಂದು ಹೆಸರು. ನಾರಿನ ವ್ಯಾಪಾರ ಪೂರ್ತಿ ಅರಮನೆಯ ಹಿಡಿತದಲ್ಲಿತ್ತು.

1780ರ ದಶಕದಲ್ಲಿ ಅಮಿನಿಯ ಜನ ಈ ಆಡಳಿತಕ್ಕೆ ಬೇಸತ್ತು, ಮಂಗಳೂರನ್ನು ಆಳುತ್ತಿದ್ದ ಟಿಪ್ಪು ಸುಲ್ತಾನರ ಮೊರೆ ಹೋದರು. ಆಗ ಜುನುಮ್ಮಾ ಬೀಬಿಯ ಆಳ್ವಿಕೆ. ಮಾತುಕತೆ ನಡೆದು ಐದು ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. ಬದಲಿಗೆ ಬೀಬಿಗೆ ಚಿರಕ್ಕಲ್ ಸೀಮೆಯಲ್ಲಿ ಜಹಗೀರು ದೊರೆಯಿತು. ಉಳಿದ ದ್ವೀಪಗಳು ಅರಕ್ಕಲ್‌ಗೇ ಉಳಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೊತ್ತೆಂಬ ಲೆಕ್ಕದಲ್ಲಿ ಐದು ದ್ವೀಪಗಳನ್ನು ಇಂಗ್ಲಿಷ್ ಕಂಪನಿ ತೆಗೆದುಕೊಂಡು, ಮಂಗಳೂರಿನಿಂದ ಆಳತೊಡಗಿತು. ಬದಲಿ ಜಹಗೀರು ಕೈತಪ್ಪಿತ್ತು, ದ್ವೀಪಗಳೂ ಮರಳಲಿಲ್ಲ. ಇದೇ ಅರಕ್ಕಲ್‌ನ ತಕರಾರು. ಕಂಪನಿ ದ್ವೀಪ ಬಿಡಲಿಲ್ಲ, ಬೀಬಿ ಕೊಡಬೇಕಾದ ಕಪ್ಪದಲ್ಲಿ ರಿಯಾಯಿತಿ ತೋರಿ ಸುಮ್ಮನಾಯಿತು. ಉಳಿದ ದ್ವೀಪಗಳೂ ಬಾಕಿಯ ನೆಪದಲ್ಲಿ ಜಪ್ತಿಯಾಗುತ್ತಾ ಬಂದು, 20ನೆಯ ಶತಮಾನದ ಮೊದಲ ದಶಕದಲ್ಲಿ ವರ್ಷಕ್ಕೆ 23,000 ರೂಪಾಯಿ ಮಾಲಿಖಾನಾ ಮತ್ತು ಸುಲ್ತಾನ್ ಎಂಬ ಬಿರುದಿಗೆ ಬದಲಾಗಿ ಸರ್ಕಾರಕ್ಕೆ ಸಂದವು.

ಓದುಗರೇ, ಈ ಕಥೆಯಲ್ಲಿ ಒಂದು ಸಂಗತಿಯನ್ನು ಗಮನಿಸಿ. ಅರಮನೆಗೂ ಕಂಪನಿಗೂ ದ್ವೀಪವೆಂದರೆ ಜಹಗೀರು, ಕಪ್ಪ, ನಾರಿನ ಲೆಕ್ಕ. ‘ನಮ್ಮನ್ನು ಯಾರು ಆಳಬೇಕು?’ ಎಂದು ದ್ವೀಪದವರೇ ಬಾಯಿ ಬಿಟ್ಟು ಕೇಳಿದ್ದು ಅಮಿನಿಯವರು ದೋಣಿ ಏರಿ ಬಂದಾಗ. ಅವರ ಮಾತಿನಿಂದಲೇ ಒಂದು ಸೀಮೆಯ ಗಡಿ ಬದಲಾಯಿತು. 1799ರಲ್ಲಾಗಲಿ ಆಮೇಲಾಗಲಿ ಕೈ ಬದಲಿಸಿದವರು ಅವರನ್ನು ಕೇಳಿ ಬದಲಿಸಲಿಲ್ಲ.

ಪ್ರಶ್ನೆ ಹಳತಾಗಿಲ್ಲ. 2025ರ ಜುಲೈನಲ್ಲಿ ಇದೇ ಐದರಲ್ಲೊಂದಾದ ಬಿತ್ರಾವನ್ನು ರಕ್ಷಣಾ ಕಾರ್ಯಕ್ಕಾಗಿ ವಶಪಡಿಸಿಕೊಳ್ಳುವ ಪ್ರಸ್ತಾಪ ಹೊರಬಂದಾಗ ಅಲ್ಲಿನ ನಿವಾಸಿಗಳು ವಿರೋಧಿಸಿದರು. ದೇಶದ ರಕ್ಷಣೆ ದೊಡ್ಡದು, ನಿಜ. ಆದರೆ ನೆಲದ ಮೇಲೆ ಬಾಳುವವರ ಮಾತೂ ಆ ನೆಲದ ಇತಿಹಾಸದ ಭಾಗವೇ.

ಆದ್ದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಒಪ್ಪಂದ, ಸನದು, ಗೆಜೆಟ್‌ಗಳನ್ನು ಓದಲು ಕಲಿಯಿರಿ. ಓದುವಾಗ ಸಹಿ ಹಾಕಿದವರ ಹೆಸರಿನ ಜೊತೆಗೆ, ಸಹಿ ಕೇಳದೆ ಬಿಟ್ಟವರನ್ನೂ ಹುಡುಕಿರಿ. ನಮ್ಮ ಸೀಮೆಯ ಹಿರಿಯರಲ್ಲಿ 1948 ಮತ್ತು 1956ನ್ನು ಕಂಡವರು ಈಗ ವಿರಳ. ಅವರ ನೆನಪುಗಳನ್ನು ಬರೆದಿಡುವ ಕೆಲಸ ನಿಮ್ಮದೇ.