ಹ್ಯಾಕ್ ಅಂದ್ರೆ ಕೊಚ್ಚೋದು!

ಪೇಪರಿನಲ್ಲಿ "ಖಾತೆ ಹ್ಯಾಕ್" ಅಂತ ಬಂದರೆ ಪೊಲೀಸ್ ಕೇಸು. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ "ಹ್ಯಾಕಥಾನ್" ಅಂತ ಬಂದರೆ ಬಹುಮಾನ. ಪದ ಒಂದೇ, ಇಷ್ಟು ಎಡವಟ್ಟಾಗಿದ್ದು ಹೇಗೆ?

ಹ್ಯಾಕ್‌ನ ಮೂಲ ಅರ್ಥ ಕೊಚ್ಚು, ಕಡಿ. ಹಳೆಯ ಇಂಗ್ಲಿಷಿನಿಂದಲೇ ಬಂದಿರೋ ಪದ. ನಯವಾಗಿ ಕತ್ತರಿಸೋದಲ್ಲ, ಮಚ್ಚು ಹಿಡಿದು ಅಡ್ಡಾದಿಡ್ಡಿ ಕಡಿಯೋದು. (ದುಡ್ಡಿಗಾಗಿ ಸಿಕ್ಕಿದ್ದೆಲ್ಲ ಗೀಚುವ ಲೇಖಕನನ್ನೂ ಹ್ಯಾಕ್ ಅಂತಾರೆ. ಆದರೆ ಅದು ಬೇರೆ ಪದ, ಬಾಡಿಗೆ ಕುದುರೆಗಿದ್ದ 'ಹ್ಯಾಕ್ನಿ' ಅನ್ನೋ ಹೆಸರಿನ ಮೊಟಕು ರೂಪ.)

ನಮ್ಮ ಕಂಪ್ಯೂಟರ್ ಮಂದಿಯ ಅರ್ಥ ಬೆಳೆದದ್ದು ಕಂಪ್ಯೂಟರಿನ ಮುಂದಲ್ಲ, ಆಟದ ರೈಲಿನ ಹಳಿಗಳ ಕೆಳಗೆ! ಅಮೆರಿಕದ ಎಂ.ಐ.ಟಿ.ಯಲ್ಲಿ 1946ರಲ್ಲಿ ಶುರುವಾದ ಮಾದರಿ ರೈಲು ಕ್ಲಬ್ ಒಂದಿದೆ. ಅದರ 1955ರ ಸಭೆಯೊಂದರ ನಡಾವಳಿಯಲ್ಲಿ, ವಿದ್ಯುತ್ ವ್ಯವಸ್ಥೆಯ ಮೇಲೆ 'ಹ್ಯಾಕ್' ಮಾಡುವವರು ಫ್ಯೂಸ್ ಹಾರದ ಹಾಗೆ ಮೊದಲು ಕರೆಂಟ್ ಆಫ್ ಮಾಡಿ ಅನ್ನೋ ಕೋರಿಕೆ ಇದೆ. ಎಂಥಾ ಬಡಪಾಯಿ ವಾಕ್ಯ ನೋಡಿ! 1959ರಲ್ಲಿ ಪೀಟರ್ ಸ್ಯಾಮ್ಸನ್ ಅನ್ನೋ ಸದಸ್ಯ ಕ್ಲಬ್ಬಿನ ಪದಕೋಶವನ್ನೇ ಬರೆದ. ಅದರಲ್ಲಿ ಹ್ಯಾಕ್ ಅಂದರೆ, ಯಾವ ಉಪಯೋಗದ ಗುರಿಯೂ ಇಲ್ಲದೆ ಮಾಡಿದ ಕೆಲಸ ಅನ್ನೋ ಅರ್ಥವೂ ಇತ್ತು. ಇದೇ ಹುಡುಗರು ಅಲ್ಲಿನ ಟಿಎಕ್ಸ್-0, ಆಮೇಲೆ ಪಿಡಿಪಿ-1 ಯಂತ್ರಗಳ ಮುಂದೆ ರಾತ್ರಿಯೆಲ್ಲ ಕೂತರು. ಪದವೂ ಅವರ ಜೊತೆ ಹೋಯಿತು.

ಮುಂದಿನ ಕಥೆಯನ್ನು ನಮ್ಮವರು ಸಾಮಾನ್ಯವಾಗಿ ಹೀಗೆ ಹೇಳ್ತಾರೆ: ಒಳ್ಳೆಯ ಪದ ಇತ್ತು, ಪತ್ರಕರ್ತರು ಕೆಡಿಸಿದರು. 1983ರಲ್ಲಿ 'ವಾರ್ ಗೇಮ್ಸ್' ಸಿನಿಮಾ ಬಂತು. ಅದೇ ವರ್ಷ ಮಿಲ್ವಾಕಿಯ ಒಂದಷ್ಟು ಹುಡುಗರು ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಕಂಪ್ಯೂಟರಿಗೂ ನುಗ್ಗಿ ಸಿಕ್ಕಿಬಿದ್ದರು. ಹ್ಯಾಕರ್ ಅಂದರೆ ಕಳ್ಳ ಅಂತಾಯ್ತು. 1984ರಲ್ಲಿ ಸ್ಟೀವನ್ ಲೆವಿ ಹಳೆಯ ಹ್ಯಾಕರ್‌ಗಳ ಬಗ್ಗೆ ಪುಸ್ತಕವನ್ನೇ ಬರೆದರೂ ಮಾನ ವಾಪಸ್ ಬರಲಿಲ್ಲ. ನುಗ್ಗುವವರನ್ನು 'ಕ್ರ್ಯಾಕರ್' ಅನ್ನಿ ಅಂತ ಗೋಗರೆದದ್ದೂ ಆಯ್ತು, 1993ರ ಅಂತರ್ಜಾಲ ಪದಕೋಶ ಆರ್‌ಎಫ್‌ಸಿ 1392 ಕೂಡ ಇಬ್ಬರನ್ನೂ ಬೇರೆ ಮಾಡಿ ಬರೆಯಿತು. ಯಾರು ಕೇಳ್ತಾರೆ?

ಆದರೆ ಈ ದೂರು ಪೂರ್ತಿ ನಿಜ ಅಲ್ಲ. ನವೆಂಬರ್ 1963ರಲ್ಲಿ ಎಂ.ಐ.ಟಿ.ಯ ವಿದ್ಯಾರ್ಥಿ ಪತ್ರಿಕೆ 'ದ ಟೆಕ್' ಒಂದು ಸುದ್ದಿ ಹಾಕಿತ್ತು. 'ಹ್ಯಾಕರ್‌'ಗಳ ಕಾಟದಿಂದ ಸಂಸ್ಥೆಯ ಎಷ್ಟೋ ಟೆಲಿಫೋನ್ ಸೌಲಭ್ಯ ಕಡಿತ ಮಾಡಬೇಕಾಯ್ತು ಅಂತ! ಹಾರ್ವರ್ಡ್‌ಗೆ ಹೋಗೋ ಲೈನುಗಳನ್ನೆಲ್ಲ ಕಟ್ಟಿಹಾಕಿದ್ದರು, ದೂರದ ಕರೆ ಮಾಡಿ ಬಿಲ್ಲನ್ನು ರೇಡಾರ್ ಕೇಂದ್ರವೊಂದರ ತಲೆಗೆ ಕಟ್ಟಿದ್ದರು, ಪಿಡಿಪಿ-1 ಅನ್ನೇ ಫೋನಿಗೆ ಜೋಡಿಸಿ ಹೊರಗಿನ ಲೈನ್ ಹುಡುಕಿಸಿದ್ದರು. ಸಿನಿಮಾ ಬರೋಕೆ 20 ವರ್ಷ ಮೊದಲೇ, ಪದ ಬೆಳೆದ ಮನೆಯಲ್ಲೇ! ಕುತೂಹಲವೂ ಕಳ್ಳಾಟವೂ ಮೊದಲಿಂದ ಒಂದೇ ಬೆಂಚಿನಲ್ಲಿ ಕೂತಿದ್ದವು. ಈ ಸುದ್ದಿಯನ್ನು ಮುಚ್ಚಿಟ್ಟು ಪತ್ರಕರ್ತರನ್ನಷ್ಟೇ ಬೈಯೋದು ನನಗೆ ಸರಿ ಕಾಣಲ್ಲ.

ಕನ್ನಡಕ್ಕೆ ಬಂದದ್ದು ಮಾತ್ರ ಆ ಬೆಂಚಿನ ಅರ್ಧ ಭಾಗ. ನಮ್ಮ ಪತ್ರಿಕೆಗಳು ಹ್ಯಾಕಿಂಗ್‌ಗೆ 'ಕನ್ನ ಹಾಕೋದು' ಅಂತಲೇ ಬರೀತಾವೆ, ಗೋಡೆ ಕೊರೆಯೋ ಕಳ್ಳನ ಪದ. ನಮ್ಮ 'ಕೊಚ್ಚು' ಬೇರೆಯೇ ದಾರಿ ಹಿಡಿದು ಜಂಬ ಕೊಚ್ಚಿಕೊಳ್ಳೋದಕ್ಕೆ ಹೋಯ್ತು :) ಇನ್ನು ಮನೆಯ ರೇಡಿಯೋ ಬಿಚ್ಚಿ ಹರಡಿಕೊಂಡು ಕೂರೋ ಹುಡುಗನಿಗೆ ನಮ್ಮಲ್ಲಿ ಅನ್ನೋದು, "ಇವನ ಕೈ ಸುಮ್ನಿರಲ್ಲ" ಅಂತ. ರೈಲು ಕ್ಲಬ್ಬಿನ ಅರ್ಥಕ್ಕೆ ನನಗೆ ಸಿಕ್ಕಿದ ಅತಿ ಹತ್ತಿರದ ಕನ್ನಡ ಅದೇ.