ಅಜ್ಜಿಯ ಬಳೆ ಸದ್ದು

ನಮ್ಮಜ್ಜಿ ಮಜ್ಜಿಗೆ ಕಡೆಯುತ್ತಾ ಹಾಡುತ್ತಿದ್ದರು. 1986ರ ಬೇಸಿಗೆ ರಜೆಯಲ್ಲಿ ನನ್ನ ಸೋದರಮಾವ ಸಾಗರದ ಮನೆಯ ಅಡುಗೆಮನೆ ಹೊಸಿಲ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿಟ್ಟರು. ಮೂರು ಹಾಡು, ಜೊತೆಗೆ ಕಡಗೋಲಿನ ಸದ್ದು, ಹಗ್ಗ ಎಳೆದಾಗಲೆಲ್ಲ ಗಾಜಿನ ಬಳೆಗಳ ಕಿಣಿಕಿಣಿ. 2003ರಲ್ಲಿ ಆ ಕ್ಯಾಸೆಟ್ಟನ್ನು ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟು ಸಿ.ಡಿ.ಗೆ ಹಾಕಿಸಿದೆವು. ಆ ಸಿ.ಡಿ.ಯ ಫೈಲುಗಳು ನನ್ನ ಜೊತೆ ಜರ್ಮನಿಗೆ ಬಂದವು.

ಎರ್ಲಾಂಗೆನ್‌ನ ನಮ್ಮ ಮನೆಯಲ್ಲಿ ನಾನು ಹಾಡು ಕೇಳುವುದು ಕಂಪ್ಯೂಟರಿನಿಂದಲೇ. ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ ಮನೆಯೊಳಗೇ ಕೂತಿದ್ದಾಗ, ಅದರ ಧ್ವನಿಯನ್ನು ಸುಧಾರಿಸುವ ಹುಚ್ಚು ಹಿಡಿಯಿತು. ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್ ಎಂಬ ಸಣ್ಣ ಪೆಟ್ಟಿಗೆ ತಂದೆ. ಒಳ್ಳೆಯ ಆಂಪ್ಲಿಫೈಯರ್, ಎರಡು ಸ್ಪೀಕರ್ ಬಂದವು. ಮಲ್ಲಿಕಾರ್ಜುನ ಮನ್ಸೂರರು ಎದುರಿಗೇ ಕೂತು ಹಾಡಿದಂತಾಯಿತು. ಅಜ್ಜಿಯ ಹಾಡು ಹಾಕಿದೆ. ದನಿ ಅಜ್ಜಿಯದೇ, ಆದರೆ ಬಳೆ ಬಳೆಯಾಗಿರಲಿಲ್ಲ. ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಚುರ್ ಎನ್ನುತ್ತಿತ್ತು. ಹಳೆಯ ಅಗ್ಗದ ಸ್ಪೀಕರುಗಳಲ್ಲಿ ಇದು ಗೊತ್ತೇ ಆಗಿರಲಿಲ್ಲ. ವೈರು ಬದಲಿಸಿದೆ, ಪ್ಲಗ್ಗು ಬದಲಿಸಿದೆ. ಏನೂ ಆಗಲಿಲ್ಲ. ಆ ಬಳೆ ಸದ್ದು ಎಲ್ಲಿ ಕಳೆಯಿತು ಎಂದು ಹುಡುಕಹೊರಟಾಗಲೇ ಧ್ವನಿಮುದ್ರಣದ ಚರಿತ್ರೆಯನ್ನು ಓದತೊಡಗಿದ್ದು.

ಆ ಚರಿತ್ರೆಯ ದೊಡ್ಡ ಪಾಲು ನಾನಿರುವ ಈ ದೇಶದಲ್ಲೇ ನಡೆದಿದೆ. ತಟ್ಟೆಯಾಕಾರದ ಗ್ರಾಮಫೋನ್ ರೆಕಾರ್ಡನ್ನು ಕಂಡುಹಿಡಿದ ಎಮಿಲ್ ಬರ್ಲಿನರ್ 1851ರಲ್ಲಿ ಹುಟ್ಟಿದ್ದು ಹ್ಯಾನೋವರ್ ನಗರದಲ್ಲಿ. ಅಮೆರಿಕಕ್ಕೆ ವಲಸೆ ಹೋದ ಆತ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದ. 1898ರಲ್ಲಿ ಹುಟ್ಟೂರಿನಲ್ಲಿ ಅಣ್ಣತಮ್ಮಂದಿರು ಸೇರಿ ರೆಕಾರ್ಡು ಒತ್ತುವ ಕಾರ್ಖಾನೆ ತೆರೆದರು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನೊಳಕ್ಕೆ ಮುಖವಿಟ್ಟು ಹಾಡಬೇಕು, ಆ ಉಸಿರಿನ ಬಲದಿಂದಲೇ ಸೂಜಿ ಮೇಣದ ಮೇಲೆ ಗೀರಬೇಕು. ಆ ಮುದ್ರಣಗಳು ಹಡಗಿನಲ್ಲಿ ಹ್ಯಾನೋವರಿಗೆ ಹೋಗಿ, ಅರಗಿನ ತಟ್ಟೆಗಳಾಗಿ ಭಾರತಕ್ಕೆ ಮರಳಿದವು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಆ ಕೊಂಬು ತೀರಾ ತಗ್ಗಿನ ಸ್ವರಗಳನ್ನೂ ತೀರಾ ಎತ್ತರದ ಸ್ವರಗಳನ್ನೂ ಹಿಡಿಯುತ್ತಿರಲಿಲ್ಲ. ಇಂದು ನಾನು ಎಂಥ ಯಂತ್ರದಲ್ಲಿ ಹಾಕಿದರೂ ಆ ಸ್ವರಗಳು ಹುಟ್ಟುವುದಿಲ್ಲ. ಮುದ್ರಣದಲ್ಲಿ ಸೇರದ್ದು ಮುಂದೆ ಯಾವ ಹಂತದಲ್ಲೂ ಸೇರುವುದಿಲ್ಲ ಎಂಬ ಮೊದಲ ಪಾಠ ನನಗೆ ಸಿಕ್ಕಿದ್ದು ಇಲ್ಲಿ.

ಕೊಂಬು ಹೋಗಿ ಮೈಕ್ ಬಂತು, ಅರಗಿನ ಜಾಗಕ್ಕೆ ಟೇಪು ಬಂತು. ಡ್ರೆಸ್ಡೆನ್‌ನ ಫ್ರಿಟ್ಸ್ ಫ್ಲಾಯ್ಮರ್ 1928ರಲ್ಲಿ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಕಾಂತಟೇಪು ಮಾಡಿದ. ಫಿಲಿಪ್ಸ್ ಕಂಪನಿಯಲ್ಲಿ ಲೂ ಓಟೆನ್ಸ್ ಅವರ ತಂಡ ರೂಪಿಸಿದ ಪುಟ್ಟ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಬೆಳಕು ಕಂಡಿತು. ಅದರಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಹಿಸ್ಸೆನ್ನುವ ಸದ್ದು ಜೊತೆಗೇ ಬರುತ್ತದೆ. ಆದರೂ ಸ್ಟುಡಿಯೋದ ಹಂಗಿಲ್ಲದೆ ಮನೆಯ ಧ್ವನಿಯನ್ನು ಮನೆಯಲ್ಲೇ ಮುದ್ರಿಸಲು ಸಾಧ್ಯವಾದದ್ದು ಅದರಿಂದ. ಅದಿಲ್ಲದಿದ್ದರೆ ಅಜ್ಜಿಯ ಹಾಡೇ ಇರುತ್ತಿರಲಿಲ್ಲ.

ಧ್ವನಿ ಅಂಕಿಗಳಾದ ಕಥೆ ಬೇರೆ. 1937ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್, ಫೋನಿನ ಧ್ವನಿಯನ್ನು ಗದ್ದಲವಿಲ್ಲದೆ ದೂರ ಸಾಗಿಸಲು ಒಂದು ಉಪಾಯ ಹೂಡಿದರು. ಅಲೆಯ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆದು, ಅಳತೆಯ ಅಂಕಿಯನ್ನಷ್ಟೇ ಕಳಿಸುವುದು. ಯಾವ ಸ್ವರ ಬೇಕೋ ಅದರ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಪೂರ್ತಿ ಮರಳಿ ಪಡೆಯಬಹುದೆಂದು ಗಣಿತ ಹೇಳುತ್ತದೆ. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20,000 ಕಂಪನಗಳವರೆಗೆ. ಹಾಗಾದರೆ 40,000 ದಾಟಿದರೆ ಸಾಕಿತ್ತು. ಸಿ.ಡಿ.ಯಲ್ಲಿ 44,100 ಎಂಬ ವಿಚಿತ್ರ ಅಂಕಿ ಬಂದದ್ದೇಕೆ? ಆ ಕಾಲದಲ್ಲಿ ಅಷ್ಟೊಂದು ಅಂಕಿಗಳನ್ನು ತುಂಬಿಡಲು ಇದ್ದದ್ದು ವಿಡಿಯೋ ಟೇಪು. ಟಿ.ವಿ. ಚಿತ್ರದ ಪ್ರತಿ ಗೆರೆಗೆ ಮೂರು ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ: ಗುಣಿಸಿದರೆ 44,100. ಯುರೋಪಿನ ಟಿ.ವಿ. ಲೆಕ್ಕದಲ್ಲಿ 294 ಗೆರೆ, 50 ಸಲ, ಆಗಲೂ ಅಷ್ಟೇ. ಇಂದಿಗೂ ನಮ್ಮ ಕಂಪ್ಯೂಟರುಗಳಲ್ಲಿ ಕೂತಿರುವ ಆ ಅಂಕಿ ವಿಡಿಯೋ ಟೇಪಿನ ಋಣ.

1982ರ ಆಗಸ್ಟಿನಲ್ಲಿ ಮಾರಾಟದ ಮೊದಲ ಸಿ.ಡಿ.ಗಳು ತಯಾರಾದದ್ದು ಹ್ಯಾನೋವರ್ ಪಕ್ಕದ ಲಾಂಗೆನ್‌ಹಾಗೆನ್‌ನಲ್ಲಿ. ಗೌಹರ್ ಜಾನ್ ಅವರ ತಟ್ಟೆಗಳನ್ನು ಒತ್ತಿದ ಊರಿನ ಮಗ್ಗುಲಲ್ಲೇ, ಎಂಬತ್ತು ವರ್ಷಗಳ ನಂತರ.

ಕಂಪ್ಯೂಟರಿಗೆ ಮಾತ್ರ ಸಂಗೀತ ತಡವಾಗಿ ಬಂದ ನೆಂಟ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ತಂದ ಸೌಂಡ್ ಬ್ಲಾಸ್ಟರ್ ಕಾರ್ಡು ಆಟಗಳ ಗುಂಡಿನ ಸದ್ದಿಗೆ ಹೇಳಿಮಾಡಿಸಿದ್ದು. ಎಂಟು ಬಿಟ್ಟಿನದು, ಎಂದರೆ ಅಲೆಯ ಎತ್ತರಕ್ಕೆ 256 ಮೆಟ್ಟಿಲು. ಸಿ.ಡಿ.ಗೆ ಹದಿನಾರು ಬಿಟ್ಟು, 65,536 ಮೆಟ್ಟಿಲು. 1997ರಲ್ಲಿ ಇಂಟೆಲ್ ತಂದ ಏಸಿ-97 ಪದ್ಧತಿಯಿಂದ ಧ್ವನಿ ಕಂಪ್ಯೂಟರಿನ ಮುಖ್ಯ ಹಲಗೆಗೇ ಅಗ್ಗವಾಗಿ ಬಂತು. ಆದರೆ ಅದರ ಮೂಲ ಲಯ ಸೆಕೆಂಡಿಗೆ 48,000. ಎಷ್ಟೋ ಕಂಪ್ಯೂಟರುಗಳು ಸಿ.ಡಿ.ಯ 44,100ನ್ನು 48,000 ಮಾಡಿಯೇ ಹೊರಬಿಡುತ್ತಿದ್ದವು. ಎಂದರೆ ಪ್ರತಿ 147 ಅಂಕಿಗಳ ಜಾಗದಲ್ಲಿ 160 ಹೊಸ ಅಂಕಿಗಳನ್ನು ಲೆಕ್ಕ ಹಾಕಿ ಕೂರಿಸುವುದು. ಲೆಕ್ಕ ಸರಿಯಾಗಿದ್ದರೆ ತೊಂದರೆಯಿಲ್ಲ. ಅವಸರದಲ್ಲಿ ಮಾಡಿದರೆ ಧ್ವನಿ ಒರಟಾಗುತ್ತದೆ. 2007ರ ವಿಂಡೋಸ್ ವಿಸ್ಟಾದಲ್ಲಿ ಒಂದೇ ತಂತ್ರಾಂಶ ಧ್ವನಿ ಸಾಧನವನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡು, ಅಂಕಿಗಳನ್ನು ಇದ್ದ ಹಾಗೇ ಕಳಿಸುವ ದಾರಿ ತೆರೆಯಿತು. ನನ್ನ ಕಂಪ್ಯೂಟರಿನಲ್ಲಿ ಆ ಒಂದು ಗುರುತು ಹಾಕಿದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಹೊರಗಿನ ಡ್ಯಾಕ್ ಬೇಕಾದದ್ದಕ್ಕೂ ಕಾರಣವಿದೆ. ಕಂಪ್ಯೂಟರಿನ ಹೊಟ್ಟೆಯೊಳಗೆ ವಿದ್ಯುತ್ತಿನ ಗದ್ದಲ ಹೆಚ್ಚು. ಸೂಕ್ಷ್ಮ ಅಲೆಯನ್ನು ಅಲ್ಲಿ ಹುಟ್ಟಿಸುವುದು ಸಂತೆಯಲ್ಲಿ ಶ್ರುತಿ ಹಿಡಿದ ಹಾಗೆ. ಯು.ಎಸ್.ಬಿ.ಯಿಂದ ಅಂಕಿಗಳನ್ನು ಹೊರಗೆ ತಂದು, ಡ್ಯಾಕಿನೊಳಗಿನ ಗಡಿಯಾರವೇ ತನಗೆ ಬೇಕಾದಾಗ ಬೇಕಾದಷ್ಟು ಕೇಳಿ ಪಡೆಯುವ ವಿಧಾನ ಬಂದಮೇಲೆ ಲಯದ ಅಳುಕೂ ತಗ್ಗಿತು. ನನ್ನ ಮನೆಯಲ್ಲಿ ಒಂದು ಗುಂಯ್ ಸದ್ದು ಕಾಡುತ್ತಿತ್ತು. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿಗೆ, ಆಂಪ್ಲಿಫೈಯರ್ ಇನ್ನೊಂದಕ್ಕೆ ಸೇರಿದ್ದರಿಂದ ಎರಡು ಅರ್ತಿಂಗಿನ ನಡುವೆ ಹರಿಯುತ್ತಿದ್ದ 50 ಕಂಪನದ ವಿದ್ಯುತ್ತು ಅದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ನಿಂತಿತು. ಸ್ಪೀಕರುಗಳನ್ನು ಮೂಲೆಯಿಂದ ಮುಂದೆ ತಂದು, ಕಿವಿಯ ಎತ್ತರಕ್ಕೆ ಏರಿಸಿ, ಬರಿ ಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸಿದ್ದರಿಂದ ಆದ ಲಾಭ ಯಾವ ದುಬಾರಿ ವೈರಿನಿಂದಲೂ ಆಗಲಿಲ್ಲ.

ಇಷ್ಟಾದರೂ ಬಳೆ ಚುರ್ ಎನ್ನುತ್ತಲೇ ಇತ್ತು. ಉತ್ತರ ನನ್ನೂರಿನಲ್ಲೇ ಇತ್ತು. ಎರ್ಲಾಂಗೆನ್ ವಿಶ್ವವಿದ್ಯಾಲಯದ ಡೀಟರ್ ಸೈಟ್ಸರ್ ಅವರಿಗೆ ಫೋನಿನ ತಂತಿಯಲ್ಲಿ ಸಂಗೀತ ಕಳಿಸುವ ಆಸೆ. ಅದು ಸಾಧ್ಯವೇ ಇಲ್ಲವೆಂದು ಪೇಟೆಂಟ್ ಪರೀಕ್ಷಕರು ಅರ್ಜಿ ತಳ್ಳಿದರು. ಅವರ ವಿದ್ಯಾರ್ಥಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಜೋರು ಸದ್ದಿನ ಮರೆಯಲ್ಲಿರುವ ಮೆಲು ಸದ್ದು ನಮಗೆ ಕೇಳುವುದಿಲ್ಲ. ಕೇಳದ್ದನ್ನು ಒರಟಾಗಿ ಬರೆದರೂ ನಡೆಯುತ್ತದೆ ಎಂಬುದು ಅದರ ತಿರುಳು. ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯ ಗೆಳೆಯರು 1995ರ ಜುಲೈ 14ರಂದು ಅದಕ್ಕೆ ಎಂಪಿ3 ಎಂಬ ಬಾಲ ಅಂಟಿಸಿದರು.

ಆ ವಿಧಾನ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ ತೂಗುತ್ತದೆ. ತುಂಡಿನ ನಡುವೆ ಥಟ್ಟನೆ ಒಂದು ಚೂಪಾದ ಸದ್ದು ಬಂದರೆ, ಉಳಿತಾಯದಿಂದಾದ ಒರಟುತನ ಇಡೀ ತುಂಡಿಗೆ ಹರಡಿ, ಸದ್ದಿಗೂ ಮುಂಚೆ ಅದರ ನೆರಳು ಕೇಳಿಸುತ್ತದೆ. ಇದನ್ನು ಹಿಡಿಯಲು ಎಂಜಿನಿಯರುಗಳು ಬಳಸುತ್ತಿದ್ದದ್ದು ಸ್ಪೇನಿನ ಮರದ ಚಿಟಿಕೆಗಳ ಸದ್ದು. ಗಾಜಿನ ಬಳೆ ಅದರ ತಂಗಿಯೇ. ಎಂಪಿ3ಗೆ ಸಾಕಷ್ಟು ಜಾಗ ಕೊಟ್ಟರೆ ಈ ದೋಷ ಬಹುಮಟ್ಟಿಗೆ ಮರೆಯಾಗುತ್ತದೆ. ಅಜ್ಜಿಯ ಫೈಲುಗಳನ್ನು ತೆರೆದು ನೋಡಿದೆ: ಸೆಕೆಂಡಿಗೆ 64 ಕಿಲೋಬಿಟ್. ಸಿ.ಡಿ.ಗೆ 1,411. ಇಪ್ಪತ್ತೆರಡರಲ್ಲಿ ಒಂದು ಪಾಲು. ಒಂದೇ ತಟ್ಟೆಯಲ್ಲಿ ನೂರಾರು ಹಾಡು ಹಿಡಿಸುವುದೇ ಆಗ ಹೆಚ್ಚುಗಾರಿಕೆ. ಅಂಗಡಿಯವನನ್ನು ಬೈದು ಫಲವಿಲ್ಲ, ನಾವೂ ಕೇಳಿರಲಿಲ್ಲ.

ಮಾವನಿಗೆ ಫೋನು ಮಾಡಿದೆ.

"ಮಾವ, ಆ ಕ್ಯಾಸೆಟ್ ಇದೆಯಾ?"

"ಮನೆ ಕೆಡವುವಾಗ ಹೋಯ್ತು ಕಣೋ. ಸಿ.ಡಿ. ಇದೆಯಲ್ಲ, ಇನ್ಯಾಕೆ ಅಂದ್ಕೊಂಡ್ವಿ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮಾವನೇ ಹೇಳಿದರು, "ನಿನ್ನ ಚಿಕ್ಕಮ್ಮನ ಮದುವೆಯಾದ ವರ್ಷ ಅವಳಿಗೊಂದು ಕಾಪಿ ಮಾಡಿಕೊಟ್ಟಿದ್ದೆ. ಕೇಳಿ ನೋಡು."

ಚಿಕ್ಕಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಅದು ಇತ್ತು. "ಎಷ್ಟು ವರ್ಷದಿಂದ ಕೇಳಿಲ್ಲ ಮಾರಾಯ, ಹಾಕೋ ಯಂತ್ರವೇ ಇಲ್ಲ" ಎಂದರು. ಮುಂದಿನ ರಜೆಯಲ್ಲಿ ಅದನ್ನು ಕೈಚೀಲದಲ್ಲಿಟ್ಟುಕೊಂಡು ತಂದೆ. ಹಳೆಯ ಕ್ಯಾಸೆಟ್ ಡೆಕ್ಕೊಂದನ್ನು ಕೊಂಡು, ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಎತ್ತರದ ಸ್ವರಗಳು ತಿಳಿಯಾಗುವವರೆಗೆ ಕೇಳಿದೆ. 24 ಬಿಟ್ಟಿನಲ್ಲಿ ಮುದ್ರಿಸಿ, 2001ರಲ್ಲಿ ಬಂದ, ಒಂದು ಅಂಕಿಯನ್ನೂ ಕಳೆಯದೆ ಮಡಚಿಡುವ ಫ್ಲ್ಯಾಕ್ ರೂಪದಲ್ಲಿ ಉಳಿಸಿದೆ. ಹಿಸ್ಸೆನ್ನುವ ಸದ್ದನ್ನು ತೆಗೆಯಲು ಹೋಗಲಿಲ್ಲ.

ಕಾಪಿಯ ಕಾಪಿ, ಹಿಸ್ ಮೊದಲಿಗಿಂತ ಹೆಚ್ಚು. ಆದರೆ ಅದರ ಹಿಂದೆ ಬಳೆ ಬಳೆಯಂತೆಯೇ ಇತ್ತು. ಒಂದೊಂದಾಗಿ ಎಣಿಸುವಷ್ಟು. ಎರಡನೇ ಹಾಡಿನ ಕೊನೆಯಲ್ಲಿ ಅಜ್ಜಿ ಕಡೆಯುವುದನ್ನು ನಿಲ್ಲಿಸಿ ಮೆಲ್ಲಗೆ ಏನೋ ಅನ್ನುತ್ತಾರೆ. ಹಳೆಯ ಫೈಲಿನಲ್ಲಿ ಅದು ಬರಿಯ ಗೊಜಗೊಜ. ಈಗ ಕೇಳಿಸಿತು: "ಸಾಕಾ? ಬೆಣ್ಣೆ ಬಂತು."

ಮೂರು ಪ್ರತಿ ಮಾಡಿ ಒಂದನ್ನು ಚಿಕ್ಕಮ್ಮನಿಗೆ, ಒಂದನ್ನು ಮಾವನಿಗೆ ಕಳಿಸಿದ್ದೇನೆ. ಕ್ಯಾಸೆಟ್ಟನ್ನೂ ಎಸೆದಿಲ್ಲ.