ಮನೋವೈದ್ಯದಲ್ಲಿ ಇಇಜಿ: ಚರಿತ್ರೆ

ನೆತ್ತಿಗೆ ಅಂಟಿಸಿದ ಪುಟ್ಟ ಲೋಹದ ಬಿಲ್ಲೆಗಳ ಮೂಲಕ ಮಿದುಳಿನ ವಿದ್ಯುತ್ ಏರಿಳಿತವನ್ನು ಹಿಡಿದು ಗೆರೆಗಳಾಗಿ ಮೂಡಿಸುವ ಪರೀಕ್ಷೆಯೇ ಇಇಜಿ. ಇಂದು ಇದನ್ನು ಹೆಚ್ಚಾಗಿ ಬಳಸುವವರು ನರರೋಗ ತಜ್ಞರಾದರೂ ಹುಟ್ಟುಹಾಕಿದವರು ಒಬ್ಬ ಮನೋವೈದ್ಯರು.

ಪ್ರಾಣಿಗಳ ತೆರೆದ ಮಿದುಳಿನಲ್ಲಿ ವಿದ್ಯುತ್ತನ್ನು ಲಿವರ್‌ಪೂಲ್‌ನ ರಿಚರ್ಡ್ ಕೇಟನ್ 1875ರಲ್ಲೇ ಕಂಡಿದ್ದರು. ಮನುಷ್ಯರಲ್ಲಿ ಅದನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್. ಯುವಕರಾಗಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು ಸ್ವಲ್ಪದರಲ್ಲೇ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಸೋದರಿಗೆ ಅಕಾರಣ ದಿಗಿಲು ಹುಟ್ಟಿ, ಕ್ಷೇಮ ವಿಚಾರಿಸಿ ತಂದೆಯ ತಂತಿ ಬಂತು. ತಮ್ಮ ಭಯವೇ ಆಕೆಯ ಮನಸ್ಸನ್ನು ತಟ್ಟಿತೆಂದು ಅವರು ನಂಬಿದರು. ಮನಸ್ಸಿನ ಚಟುವಟಿಕೆಗೆ ಅಳೆಯಬಲ್ಲ ಭೌತಿಕ ಆಧಾರವಿರಬೇಕು ಎಂಬ ಯೋಚನೆ ಅಂದಿನಿಂದ ಅವರನ್ನು ಬಿಡಲಿಲ್ಲ.

1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಮೂಳೆ ತೆಗೆದಿದ್ದ ಹದಿಹರೆಯದ ರೋಗಿಯೊಬ್ಬನಲ್ಲಿ ಮೊದಲ ದಾಖಲೆ ಸಿಕ್ಕಿತು. ನೆತ್ತಿಯ ಮೇಲೆ ಸಿಗುವ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಗೆರೆ ಕೆಡುತ್ತದೆ. ಕಂಡದ್ದು ಮಿದುಳಿನದೇ ಹೌದೆಂದು ಖಾತ್ರಿ ಮಾಡಿಕೊಳ್ಳುತ್ತ, ಮಗ ಕ್ಲೌಸ್‌ನನ್ನೂ ಪರೀಕ್ಷೆಗೆ ಕೂರಿಸಿಕೊಂಡು, ಬರ್ಗರ್ 1929ರಲ್ಲಷ್ಟೇ ಫಲಿತಾಂಶ ಪ್ರಕಟಿಸಿದರು. ಈ ತಾಳ್ಮೆ ಮೆಚ್ಚತಕ್ಕದ್ದು. ಕಣ್ಣು ಮುಚ್ಚಿ ನಿರಾಳವಾಗಿರುವಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ, ಕಣ್ಣು ತೆರೆದೊಡನೆ ಅಡಗುವ ಆಲ್ಫಾ ಅಲೆಗಳನ್ನು ಗುರುತಿಸಿದ್ದೂ ಅವರೇ. ಆದರೆ 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸುವವರೆಗೆ ನಂಬಿದವರು ಕಡಿಮೆ.

ಮರುವರ್ಷ ಬೋಸ್ಟನ್‌ನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಸೇರಿ ಒಂದು ಮುಖ್ಯ ಸಂಗತಿ ತೋರಿಸಿಕೊಟ್ಟರು. ಆಡುತ್ತಿದ್ದ ಮಗು ಕೆಲವು ಕ್ಷಣ ಶೂನ್ಯ ದಿಟ್ಟಿಸಿ ನಿಂತುಬಿಡುವ ಬಗೆಯ ಮೂರ್ಛೆರೋಗದಲ್ಲಿ, ಸೆಕೆಂಡಿಗೆ ಮೂರರಂತೆ ಚೂಪು ಮೊನೆಯ ಅಲೆಗಳು ಏಳುತ್ತವೆ. ಮೂರ್ಛೆರೋಗವನ್ನು ಹುಚ್ಚಿನ ಜೊತೆ ಸೇರಿಸಿ ನೋಡುತ್ತಿದ್ದ ಸಮಾಜಕ್ಕೆ, ಅದು ಮಿದುಳಿನ ಕಾಯಿಲೆಯೆಂಬ ಪುರಾವೆ ಕಾಗದದ ಮೇಲೆಯೇ ದೊರೆಯಿತು.

ಮನೋವೈದ್ಯಕ್ಕೆ ಇಇಜಿಯ ದೊಡ್ಡ ಉಪಕಾರವೂ ಇದೇ ಬಗೆಯದು. ರೋಗಿ ಇದ್ದಕ್ಕಿದ್ದಂತೆ ಅಸಂಬದ್ಧ ಮಾತನಾಡಿದರೆ, ಅದರ ಹಿಂದೆ ಫಿಟ್ಸ್ ಅಥವಾ ಮಿದುಳಿನ ಉರಿಯೂತವಿದೆಯೇ ಎಂದು ತಿಳಿಯಲು ಅದು ನೆರವಾಗುತ್ತದೆ. ಸ್ಕಿಜೋಫ್ರೇನಿಯಾವನ್ನಾಗಲೀ ಖಿನ್ನತೆಯನ್ನಾಗಲೀ ಇಇಜಿಯೊಂದರಿಂದಲೇ ನಿರ್ಧರಿಸಲಾಗದು. ಅದಕ್ಕೆ ರೋಗಿಯ ಜೊತೆ ಕೂತು ಮಾತನಾಡಲೇಬೇಕು. ತಲೆಗೆ ವಿದ್ಯುತ್ ಹಾಯಿಸಿ ಬೇಕೆಂದೇ ಫಿಟ್ಸ್ ಬರಿಸುವ ವಿದ್ಯುತ್ ಕಂಪನ ಚಿಕಿತ್ಸೆಯ ವೇಳೆ ಫಿಟ್ಸ್ ಎಷ್ಟು ಹೊತ್ತು ನಡೆಯಿತೆಂದು ತಿಳಿಯಲೂ ಇದೇ ಗೆರೆಗಳು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಬಗ್ಗೆ ಸಂಶೋಧನೆಗಳಾಗಿವೆ.

ಭಾರತದಲ್ಲಿ ಮಿದುಳಿನ ಅಲೆಗಳನ್ನು ಅಪರಾಧ ತನಿಖೆಗೂ ಬಳಸಲಾಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬ್ರೇನ್ ಮ್ಯಾಪಿಂಗ್ ಎನ್ನಲಾಗುವ ಈ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದಿತು.